ಗರ್ಭಿಣಿಯರು ಪ್ಲಾಂಟ್ ಸ್ಟೆರಾಲ್ ತಗೋಬಹುದಾ? ನಮ್ಮ ಕೊಲೆಸ್ಟ್ರಾಲ್ ಮಗುವಿಗೂ ಹೋಗುತ್ತಾ?

ದಾವಣಗೆರೆ ಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ನನಗೆ ಈಗ ಏಳು ತಿಂಗಳು, ಮೊದಲ ಬಸಿರು. ಶುಗರ್ ಟೆಸ್ಟ್‌ಗೆ ಹೋದಾಗ ಲ್ಯಾಬಿನವರು ಪ್ಯಾಕೇಜ್ ಅಂತ ಲಿಪಿಡ್ ಪ್ರೊಫೈಲ್ ಕೂಡ ಮಾಡಿದರು. ಟೋಟಲ್ ಕೊಲೆಸ್ಟ್ರಾಲ್ 250 ಬಂದಿದೆ. ಮದುವೆಗೆ ಮುಂಚೆ 180 ಇತ್ತು. ಡಾಕ್ಟರ್ ನೋಡಿ "ಈಗ ಇದೆಲ್ಲ ಮಾಮೂಲು" ಅಂದರು, ಅಷ್ಟೇ. ಮನೆಯಲ್ಲಿ ಮಾತ್ರ ಯಾರಿಗೂ ಸಮಾಧಾನ ಇಲ್ಲ. ಅತ್ತೆ ತುಪ್ಪ ನಿಲ್ಲಿಸಿದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿರುವ ನಾದಿನಿ ಬರುವಾಗ ಪ್ಲಾಂಟ್ ಸ್ಟೆರಾಲ್ ಮಾತ್ರೆ, ಬ್ರೆಡ್‌ಗೆ ಹಚ್ಚುವ ಸ್ಟೆರಾಲ್ ಸ್ಪ್ರೆಡ್ ಎರಡೂ ತಂದಿದ್ದಾರೆ. "ಗಿಡದ್ದು ಕಣೇ, ಏನೂ ಆಗಲ್ಲ" ಅಂತಾರೆ. ನನ್ನ ರಕ್ತದಲ್ಲಿರುವ ಕೊಲೆಸ್ಟ್ರಾಲ್ ಮಗುವಿಗೂ ಹೋಗುತ್ತಾ? ಈ ಸ್ಟೆರಾಲ್ ತಿಂದರೆ ಅದೂ ಹೋಗುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಯೋಕೆಮಿಸ್ಟ್ರಿ ಮೇಷ್ಟ್ರು:
ಎರಡೂ ಹೋಗುತ್ತವಮ್ಮ. ಆದರೆ ಹೆದರಬೇಡಿ, ಪೂರ್ತಿ ಓದಿ.

ಸಿಟೋಸ್ಟೆರಾಲ್, ಕ್ಯಾಂಪೆಸ್ಟೆರಾಲ್ ಇವೆಲ್ಲ ಗಿಡಗಳು ತಮಗಾಗಿ ಮಾಡಿಕೊಳ್ಳುವ, ಹೆಚ್ಚುಕಡಿಮೆ ಕೊಲೆಸ್ಟ್ರಾಲ್‌ನಂತೆಯೇ ಇರುವ ವಸ್ತುಗಳು. ಮನುಷ್ಯನ ದೇಹಕ್ಕೆ ಇವನ್ನು ಮಾಡಲು ಬರುವುದೇ ಇಲ್ಲ. ರಕ್ತದಲ್ಲಿ ಕಂಡರೆ ಅದು ಊಟದಿಂದ ಬಂದದ್ದೇ. ಈಗ ನೋಡಿ, ಆಗಷ್ಟೇ ಹುಟ್ಟಿದ, ಇನ್ನೂ ಒಂದು ಗುಟುಕು ಹಾಲೂ ಕುಡಿಯದ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಈ ಸ್ಟೆರಾಲ್‌ಗಳು ಸಿಗುತ್ತವೆ. ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಕಡಿಮೆ, ಆದರೆ ಇರುತ್ತವೆ. ತಾಯಿಯಿಂದ ಮಾಸು (ಪ್ಲಾಸೆಂಟಾ) ದಾಟಿ ಬರದೆ ಬೇರೆ ದಾರಿಯೇ ಇಲ್ಲ ಅಲ್ವಾ? ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದದ್ದು ಇದೇ. ಮಗುವಿನ ಕೊಲೆಸ್ಟ್ರಾಲ್ ನೋಡಿ ಅದು ತಾಯಿ ಕೊಟ್ಟಿದ್ದೋ ಮಗುವೇ ಮಾಡಿಕೊಂಡಿದ್ದೋ ಹೇಳಲಾಗದು. ಗಿಡದ ಸ್ಟೆರಾಲ್ ಆದರೆ ತಾನೆಲ್ಲಿಂದ ಬಂದೆ ಅಂತ ತಾನೇ ಹೇಳುತ್ತದೆ. ರಕ್ತದಲ್ಲಿ ಅದು ಓಡಾಡುವುದೂ ಕೊಲೆಸ್ಟ್ರಾಲ್ ಇರುವ ಅದೇ ಎಲ್‌ಡಿಎಲ್, ಎಚ್‌ಡಿಎಲ್ ಕಣಗಳಲ್ಲಿ. ಹಾಗಾಗಿ ತಾಯಿಯ ಕೊಲೆಸ್ಟ್ರಾಲ್ ಕೂಡ ಮಗುವಿಗೆ ತಲುಪುತ್ತದೆ ಅನ್ನುವುದಕ್ಕೆ ಇದು ಒಳ್ಳೆಯ ಸಾಕ್ಷಿ.

ಇನ್ನೊಂದು ಸಾಕ್ಷಿ ನೋವಿನದು. ಸ್ಮಿತ್-ಲೆಮ್ಲಿ-ಒಪಿಟ್ಜ್ ಸಿಂಡ್ರೋಮ್ ಅಂತ ಒಂದು ಹುಟ್ಟುಕಾಯಿಲೆ, 1964ರಲ್ಲಿ ಗುರುತಿಸಿದ್ದು. ಕೊಲೆಸ್ಟ್ರಾಲ್ ತಯಾರಾಗುವ ಕೊನೆಯ ಹೆಜ್ಜೆಯ ಎಂಜೈಮ್ ಈ ಮಕ್ಕಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಎಂಜೈಮ್ ಪೂರ್ತಿ ಇಲ್ಲದ ಮಕ್ಕಳ ದೇಹದಲ್ಲೂ ಹುಟ್ಟುವಾಗ ಸ್ವಲ್ಪ ಕೊಲೆಸ್ಟ್ರಾಲ್ ಇರುತ್ತದೆ. ಅದು ಅಮ್ಮನದು. ತಾಯಿಯ ಅಪೊ-ಇ ಜೀನ್ ಯಾವ ಬಗೆಯದು ಅನ್ನುವುದರ ಮೇಲೂ ಕಾಯಿಲೆಯ ತೀವ್ರತೆ ಬದಲಾಗುತ್ತದೆ ಅಂತ ಕಂಡುಬಂದಿದೆ. ಕೊಲೆಸ್ಟ್ರಾಲ್ ಸಾಗಿಸುವುದರಲ್ಲಿ ಕೈ ಇರುವ ಜೀನ್ ಅದು. ಮಗುವಿನ ಬೆಳವಣಿಗೆಗೆ, ಅದರಲ್ಲೂ ಮುಖ, ಮೆದುಳು, ಕೈಕಾಲು ರೂಪುಗೊಳ್ಳುವುದಕ್ಕೆ ಕೊಲೆಸ್ಟ್ರಾಲ್ ಬೇಕೇ ಬೇಕು.

ಆದರೆ ನಿಮ್ಮ 250 ಹಾಗೇ ಮಗುವಿಗೆ ಹರಿಯುವುದಿಲ್ಲ. ಆರೋಗ್ಯವಂತ ಮಗು ತನಗೆ ಬೇಕಾದದ್ದರಲ್ಲಿ ಹೆಚ್ಚಿನ ಪಾಲನ್ನು ತಾನೇ ಮಾಡಿಕೊಳ್ಳುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಟೋಟಲ್ ಕೊಲೆಸ್ಟ್ರಾಲ್ ಸಾಮಾನ್ಯವಾಗಿ 60-70ರ ಆಸುಪಾಸು ಇರುತ್ತದೆ. ನಿಮ್ಮದು ಏರಿದ್ದಕ್ಕೂ ಕಾರಣ ಇದೆ. ಬಸಿರು ಉಳಿಯಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನನ್ನು ಮಾಸು ತಯಾರಿಸುವುದು ತಾಯಿಯ ಕೊಲೆಸ್ಟ್ರಾಲ್‌ನಿಂದಲೇ. ಕೊನೆಯ ತಿಂಗಳುಗಳಲ್ಲಿ ಮೊದಲಿಗಿಂತ ಶೇಕಡಾ 30ರಿಂದ 50 ಏರುವುದು ಸಹಜ. ನಿಮ್ಮದು ಅದರೊಳಗೇ ಇದೆ. ಲಿಪಿಡ್ ವರದಿಯಲ್ಲಿ ಪಕ್ಕಕ್ಕೆ ಬರೆದಿರುವ ನಾರ್ಮಲ್ ಅಂಕಿ ಬಸುರಿಯರದ್ದಲ್ಲ.

ಐಂಡ್‌ಹೋವನ್ ಕನ್ನಡತಿ:
ಆ ಸ್ಪ್ರೆಡ್ ಡಬ್ಬಿಯ ಹಿಂಭಾಗ ಯಾರಾದರೂ ಓದಿದರಾ? ಇಲ್ಲಿ ಡಚ್‌ನಲ್ಲಿ ಬರೆದಿರುತ್ತದೆ. ಸ್ಟೆರಾಲ್ ಸೇರಿಸಿದ ಆಹಾರದ ಮೇಲೆ "ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, 5 ವರ್ಷದೊಳಗಿನ ಮಕ್ಕಳಿಗೆ ಪೋಷಣೆಯ ದೃಷ್ಟಿಯಿಂದ ಸೂಕ್ತ ಅಲ್ಲದಿರಬಹುದು" ಅನ್ನುವ ಅರ್ಥದ ಮಾತು ಹಾಕಲೇಬೇಕು ಅಂತ 2004ರಿಂದ ಯುರೋಪಿನಲ್ಲಿ ಕಾನೂನೇ ಇದೆ. ದಿನಕ್ಕೆ 3 ಗ್ರಾಂ ಮೀರಬೇಡಿ ಅಂತಲೂ ಹಾಕಬೇಕು. ನಿಮ್ಮ ನಾದಿನಿಗೆ ಫೋಟೋ ತೆಗೆದು ಕಳಿಸಿ. ಪ್ರೀತಿಯಿಂದಲೇ ತಂದಿದ್ದಾರೆ, ಬೇಜಾರು ಮಾಡಬೇಡಿ. ಅವರ ಅಪ್ಪ ಅಮ್ಮನಿಗೆ ಕೊಲೆಸ್ಟ್ರಾಲ್ ಇದ್ದರೆ, ಅವರ ಡಾಕ್ಟರನ್ನು ಕೇಳಿ ಅವರಿಗೆ ಕೊಡಲಿ.

ದಾವಣಗೆರೆ ಮಲ್ಲಿಗೆ:
ಅಕ್ಕ, ಡಬ್ಬಿ ಈಗಲೇ ನೋಡಿದೆ. ಭಾಷೆ ಗೊತ್ತಾಗಲಿಲ್ಲ, ಫೋನಿನಲ್ಲಿ ಅನುವಾದ ಮಾಡಿದರೆ ನೀವು ಹೇಳಿದ್ದೇ ಇದೆ! ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಹಾಗಾದರೆ ಕಡಲೆಕಾಯಿ, ಬಾದಾಮಿ, ಎಳ್ಳು ಇದರಲ್ಲೂ ಸ್ಟೆರಾಲ್ ಇದೆಯಂತಲ್ಲ, ಅದನ್ನೂ ಬಿಡಬೇಕಾ? ಹೆರಿಗೆ ಆದ ಮೇಲೆ ಹಾಲಿನಲ್ಲೂ ಹೋಗುತ್ತಾ?

ಡಯಟ್ ಸುಮಾ:
ಕಡಲೆಕಾಯಿ ಬಿಡಬೇಡಿ ತಾಯಿ! ಮಾಮೂಲಿ ಊಟದಲ್ಲಿ ದಿನಕ್ಕೆ ಸುಮಾರು 200ರಿಂದ 400 ಮಿಲಿಗ್ರಾಂ ಸ್ಟೆರಾಲ್ ಬರುತ್ತದೆ, ಎಣ್ಣೆ, ಕಾಳು, ಬೀಜ, ಧಾನ್ಯ ಎಲ್ಲದರಿಂದ. ಅದರಲ್ಲೂ ಶೇಕಡಾ 5ಕ್ಕಿಂತ ಕಡಿಮೆ ರಕ್ತಕ್ಕೆ ಸೇರುವುದು. ಕರುಳಿನ ಜೀವಕೋಶಗಳು ಉಳಿದದ್ದನ್ನು ಒಳಗೆ ಬಿಡದೆ ವಾಪಸ್ ತಳ್ಳುತ್ತವೆ. ಕೊಲೆಸ್ಟ್ರಾಲ್ ಆದರೆ ಅರ್ಧದಷ್ಟು ಒಳಗೆ ಹೋಗುತ್ತದೆ. ನಮ್ಮ ಅಜ್ಜಿಯರೆಲ್ಲ ಬಸುರಿಯಲ್ಲಿ ಕಡಲೆಕಾಯಿ ಚಟ್ನಿ ತಿಂದವರೇ. ತೊಂದರೆ ಊಟದ್ದಲ್ಲ, ಮಾತ್ರೆ ಮತ್ತು ಸ್ಪ್ರೆಡ್ ಕೊಡುವ 2-3 ಗ್ರಾಂನದು. ಅಷ್ಟು ತಿಂದರೆ ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದು ತಗ್ಗುತ್ತದೆ, ಜೊತೆಗೆ ರಕ್ತದಲ್ಲಿ ಬೀಟಾ ಕೆರೋಟಿನ್ ಕೂಡ ಇಳಿಯುತ್ತದೆ. ವಿಟಮಿನ್ ಎ ಆಗುವುದು ಅದರಿಂದ. ಮಗು ಬೆಳೆಯುವ ಹೊತ್ತಿನಲ್ಲಿ ಅದು ಯಾಕೆ ಬೇಕು ಹೇಳಿ?

ಎದೆಹಾಲಿನ ಬಗ್ಗೆ: ತಾಯಿಯ ಹಾಲಿನಲ್ಲಿ ಕೊಲೆಸ್ಟ್ರಾಲ್ ಚೆನ್ನಾಗಿಯೇ ಇರುತ್ತದೆ, ಗಿಡದ ಸ್ಟೆರಾಲ್ ತೀರಾ ಕಡಿಮೆ. ಸಸ್ಯದ ಎಣ್ಣೆ ಹಾಕಿ ಮಾಡಿದ ಫಾರ್ಮುಲಾ ಪುಡಿಯಲ್ಲಿ ಅದು ಉಲ್ಟಾ. ನೀವು ಸುಮ್ನೆ ಹಾಲೂಡಿಸಿ. ತುಪ್ಪ ಅನ್ನಕ್ಕೆ ಒಂದು ಚಮಚ ಹಾಕಿಕೊಳ್ಳಿ ಅಂತ ಅತ್ತೆಗೆ ನಾನೇ ಹೇಳಿದೆ ಅನ್ನಿ.

ಬಯೋಕೆಮಿಸ್ಟ್ರಿ ಮೇಷ್ಟ್ರು:
ಸುಮಾ ಅವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಎಲ್ಲವೂ ಮಾಮೂಲು ಅಂತ ಬಿಡುವ ಹಾಗೂ ಇಲ್ಲ. ಕೊಲೆಸ್ಟ್ರಾಲ್ ಜಾಸ್ತಿ ಇದ್ದ ತಾಯಂದಿರ ಭ್ರೂಣಗಳ ದೊಡ್ಡ ರಕ್ತನಾಳದಲ್ಲಿ ಕೊಬ್ಬಿನ ಗೆರೆಗಳು ಹೆಚ್ಚು ಕಂಡವು ಅಂತ ಇಟಲಿಯ ನೇಪಲ್ಸ್‌ನ ಸಂಶೋಧಕರು 1997ರಲ್ಲಿ ಬರೆದಿದ್ದರು. ಅದಕ್ಕೆ ಸ್ಟೆರಾಲ್ ಮಾತ್ರೆ ಉತ್ತರ ಅಂತ ಅದು ಹೇಳುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಯಾರಿಗಾದರೂ 50ರೊಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಡಾಕ್ಟರಿಗೆ ತಪ್ಪದೆ ತಿಳಿಸಿ. ವಂಶದಲ್ಲೇ ಬರುವ ಕೊಲೆಸ್ಟ್ರಾಲ್ ಬೇರೆ ಸಂಗತಿ. ವರದಿಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು, ಎಷ್ಟಿದೆ ನೋಡಿ. ಬಸುರಿಯಲ್ಲಿ ಅದೂ ಎರಡು ಮೂರು ಪಟ್ಟು ಏರುವುದು ಸಾಮಾನ್ಯ, ಆದರೆ 500 ದಾಟಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ತುಂಬಾ ಏರಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇದೆ.

ದಾವಣಗೆರೆ ಮಲ್ಲಿಗೆ:
ಟ್ರೈಗ್ಲಿಸರೈಡ್ 210 ಇದೆ ಮೇಷ್ಟ್ರೇ. ನಮ್ಮ ದೊಡ್ಡಪ್ಪನಿಗೆ 46ಕ್ಕೆ ಅಟ್ಯಾಕ್ ಆಗಿತ್ತು, ಅದನ್ನು ಡಾಕ್ಟರಿಗೆ ಹೇಳೇ ಇಲ್ಲ. ಸೋಮವಾರ ಚೆಕಪ್ ಇದೆ, ಹೇಳುತ್ತೇನೆ.