ಲಿಸ್ಬನ್‌ನಲ್ಲಿ ಹತ್ತುವುದು ಬಂಡಿಯಲ್ಲಿ, ಇಳಿಯುವುದು ಕಾಲಲ್ಲಿ

ಚಿಕ್ಕಮ್ಮ, ಪೋರ್ಚುಗಲ್‌ನ ರಾಜಧಾನಿ ಲಿಸ್ಬನ್‌ನಲ್ಲಿ ಮೂರು ದಿನಕ್ಕೆ ಬಾಡಿಗೆ ಕಾರು ಮಾಡಿಕೊಳ್ಳಬೇಕೇ ಅಥವಾ ನಡೆದೇ ನೋಡಬಹುದೇ, ಚಿಕ್ಕಪ್ಪನ ಮಂಡಿನೋವಿಗೆ ಅದು ಒಗ್ಗುತ್ತದೆಯೇ ಎಂದು ನೀವು ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ನಾನೂ ಗೆಳತಿಯೂ ಹೋಗಿಬಂದದ್ದನ್ನು ಸಮಾಧಾನವಾಗಿ ಹೇಳುತ್ತೇನೆ. ಸ್ವಲ್ಪ ಉದ್ದವಾದರೆ ಉಳಿದವರು ಬೇಸರಿಸಬಾರದು. ಕಾರು ಖಂಡಿತ ಬೇಡ. ಹಳೆಯ ಊರಿನ ಬೀದಿಗಳಲ್ಲಿ ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುವಂಥವೂ ಇವೆ. ಆದರೆ ನಡೆಯುವುದಕ್ಕೂ ಒಂದು ಕ್ರಮ ಬೇಕು, ಮತ್ತು ಅದನ್ನು ನಾವು ಮೊದಲ ದಿನವೇ ಪೆಟ್ಟು ತಿಂದು ಕಲಿತೆವು.

ವಿಮಾನ ನಿಲ್ದಾಣ ಊರಿನೊಳಗೇ ಇದೆ, ಮೆಟ್ರೋ ಅಲ್ಲಿಂದಲೇ ಹೊರಡುತ್ತದೆ. ನಾವು ಕೆಂಪು ಮಾರ್ಗದಲ್ಲಿ ಹೊರಟು, ಅಲಮೇದಾದಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಬೈಷಾ-ಶಿಯಾದುವಿನಲ್ಲಿ ನೀಲಿ ಮಾರ್ಗ ಹಿಡಿದು ಸಾಂತಾ ಅಪೊಲೋನಿಯಾದಲ್ಲಿ ಇಳಿದೆವು. ಕೋಣೆ ಅಲ್ಫಾಮಾ ಎಂಬ ಹಳೆಯ ಕೇರಿಯಲ್ಲಿತ್ತು. ಫೋನಿನ ನಕ್ಷೆ ಆರುನೂರು ಮೀಟರ್ ಎಂದು ತೋರಿಸಿದ್ದರಿಂದ, ಇಷ್ಟಕ್ಕೆ ಟ್ಯಾಕ್ಸಿ ಯಾಕೆ ಎಂದು ಚಕ್ರದ ಪೆಟ್ಟಿಗೆಗಳನ್ನು ಎಳೆದುಕೊಂಡು ಹೊರಟೆವು. ಆ ಆರುನೂರು ಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೆಟ್ಟಿಲೇ ಎಂಬುದು ನಕ್ಷೆಯಲ್ಲಿ ಇರಲಿಲ್ಲ. ಗೆಳತಿಯ ಪೆಟ್ಟಿಗೆಯ ಒಂದು ಚಕ್ರ ಕಲ್ಲಿನ ಸಂದಿಗೆ ಸಿಕ್ಕಿ ಕಳಚಿ, ಮೆಟ್ಟಿಲ ಮೇಲೆ ಟಣ್ ಟಣ್ ಎನ್ನುತ್ತ ನಾವು ಬಂದ ದಾರಿಯಲ್ಲೇ ಇಳಿದುಹೋಯಿತು. ಕಿಟಕಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಒಬ್ಬ ಅಜ್ಜಿ ಅದನ್ನು ನೋಡಿ ನಮಗಿಂತ ಹೆಚ್ಚು ಮರುಗಿದರು. ಆದ್ದರಿಂದ ಬಂದಿಳಿದ ದಿನ ಮಾತ್ರ ಲಗೇಜಿನೊಂದಿಗೆ ಟ್ಯಾಕ್ಸಿಯಲ್ಲೇ ಹೋಗಿ, ಅಲ್ಲಿ ಜಿಪುಣತನ ಬೇಡ. ಸಾಧ್ಯವಾದರೆ ಕೋಣೆಯನ್ನೂ ಬೈಷಾ ಎಂಬ ಕೆಳಪೇಟೆಯ ಸಮತಟ್ಟಿನಲ್ಲೇ ಹಿಡಿಯಿರಿ.

ಕೋಣೆಯ ಒಡತಿ ಬೀಗದ ಕೈ ಕೊಡುತ್ತ ‘ಶಾವ್’ ಎಂದರು, ಬೆಳಕಿಗೆಂದು ಕಿಟಕಿ ತೆರೆದು ತೋರಿಸುತ್ತ ‘ಜನೆಲಾ’ ಎಂದರು. ಕೊಂಕಣಿ ಮನೆಮಾತಿನ ನನ್ನ ಗೆಳತಿ ಚಕ್ರದ ದುಃಖವನ್ನು ಮರೆತು ನಕ್ಕಳು. ನಮ್ಮ ಹೊನ್ನಾವರದ ಕಡೆಯ ಚಾವಿ, ಅವಳ ಮನೆಯ ಜನೆಲ್, ಬಚ್ಚಲಿನ ಬಾಲ್ದಿ, ಮೂರೂ ಆ ಊರಿನಿಂದ ಹಡಗು ಹತ್ತಿ ಬಂದ ಮಾತುಗಳು.

ಇನ್ನು ಕ್ರಮದ ವಿಷಯ. ಲಿಸ್ಬನ್ ಗುಡ್ಡಗಳ ಊರು. ಹತ್ತುವ ಕೆಲಸವನ್ನು ಬಂಡಿಗೋ ಲಿಫ್ಟಿಗೋ ಬಿಟ್ಟು, ಇಳಿಯುವಾಗ ಮಾತ್ರ ನಡೆಯಬೇಕು. 28ನೇ ನಂಬರಿನ ಹಳದಿ ಟ್ರಾಮನ್ನು ಮಾರ್ತಿಂ ಮೊನಿಜ್ ಎಂಬಲ್ಲಿ, ಅದು ಹೊರಡುವ ಸ್ಥಳದಲ್ಲೇ, ಬೆಳಿಗ್ಗೆ ಬೇಗ ಹತ್ತಿ. ತಡವಾದರೆ ಕಾಲಿಡಲು ಜಾಗವಿರುವುದಿಲ್ಲ, ಆ ನೂಕುನುಗ್ಗಲಿನಲ್ಲಿ ಜೇಬುಗಳ್ಳರು ಇರುತ್ತಾರೆ. ಗ್ರಾಸಾದಲ್ಲಿ ಇಳಿದರೆ ಗುಡ್ಡದ ನೆತ್ತಿಯ ಕಟ್ಟೆಯಿಂದ ಕೋಟೆ, ಕೆಂಪು ಹೆಂಚಿನ ಮಾಡುಗಳು, ತೇಜೊ ನದಿ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಅಲ್ಲಿಂದ ಸಾವ್ ವಿಸೆಂತ್ ಚರ್ಚು, ಪೋರ್ತಾಸ್ ದು ಸೋಲ್ ಕಟ್ಟೆ, 1147ರ ನಂತರ ಕಟ್ಟಲು ತೊಡಗಿದ ಸೇ ಎಂಬ ಮುಖ್ಯ ಚರ್ಚು, ಕೊನೆಗೆ ಬೈಷಾ, ಹೀಗೆ ದಾರಿ ಹೆಚ್ಚುಕಡಿಮೆ ಪೂರ್ತಿ ಇಳಿಜಾರು. ಮಂಡಿನೋವಿದ್ದವರಿಗೆ ಇಳಿಯುವುದೇ ಹೆಚ್ಚು ಕಷ್ಟ ಎಂದು ನೀವು ಹೇಳುವಿರಿ, ಅದೂ ನಿಜ. ಅದಕ್ಕೊಂದು ಉಪಾಯವಿದೆ: ಟ್ರಾಮಿನ ಹಳಿಯ ಪಕ್ಕದಲ್ಲೇ ನಡೆಯಿರಿ. ಹಳಿ ಇರುವ ಬೀದಿಯಲ್ಲಿ ಮೆಟ್ಟಿಲು ಇರುವುದು ಸಾಧ್ಯವಿಲ್ಲ, ಮತ್ತು ಸಾಕೆನಿಸಿದಾಗ ಮುಂದಿನ ನಿಲ್ದಾಣದಲ್ಲಿ ಟ್ರಾಮ್ ಹತ್ತಿಬಿಡಬಹುದು. ಟಿಕೆಟಿನ ಕಾರ್ಡು ತಲೆಗೊಂದು ಬೇಕು, ಇಬ್ಬರಿಗೂ ಒಂದೇ ಕಾರ್ಡು ನಡೆಯುವುದಿಲ್ಲ.

ಕೋಟೆಯ ಕಡೆ ಹತ್ತಲು ಬೈಷಾದ ರುವಾ ದುಸ್ ಫಾಂಕೆಯ್ರುಸ್ ಬೀದಿಯ ಒಂದು ಕಟ್ಟಡದೊಳಗೆ ಉಚಿತ ಲಿಫ್ಟ್ ಇದೆ. ಅದರಿಂದ ಮೇಲಿನ ಬೀದಿಗೆ ಬಂದು ಸ್ವಲ್ಪ ನಡೆದರೆ ಇನ್ನೊಂದು ಲಿಫ್ಟ್ ಸಿಗುತ್ತದೆ. ಎದುರಿನ ಗುಡ್ಡವಾದ ಶಿಯಾದುವಿಗೆ ಬೈಷಾ-ಶಿಯಾದು ಮೆಟ್ರೋ ನಿಲ್ದಾಣದ ಎಸ್ಕಲೇಟರುಗಳೇ ಸಾಕು. ಇಳಿಜಾರಿನ ಹಳಿಯ ಮೇಲೆ ಓಡುವ ಕೇಬಲ್ ಗಾಡಿಗಳನ್ನು ನಂಬಿ ಮಾತ್ರ ದಾರಿ ಹಾಕಿಕೊಳ್ಳಬೇಡಿ. 2025ರ ಸೆಪ್ಟೆಂಬರ್ 3ರಂದು ಗ್ಲೋರಿಯಾ ಎಂಬ ಗಾಡಿ ಹಳಿ ತಪ್ಪಿ 16 ಜನ ತೀರಿಕೊಂಡರು.

ಶಿಯಾದುವಿನ ಮೇಲಿರುವ ಕಾರ್ಮು ಮಠವನ್ನು ತಪ್ಪಿಸಬೇಡಿ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನರೆಲ್ಲ ಚರ್ಚುಗಳಲ್ಲಿ ಸೇರಿದ್ದ ಹೊತ್ತಿಗೆ ಭೂಮಿ ನಡುಗಿತು. ಉರಿಯುತ್ತಿದ್ದ ಮೇಣದಬತ್ತಿಗಳಿಂದ ಬೆಂಕಿ ಹತ್ತಿತು, ನದಿಯ ಕಡೆಯಿಂದ ಸುನಾಮಿ ಅಲೆ ನುಗ್ಗಿತು. ಆ ಮಠದ ಮಾಡು ಅಂದು ಕುಸಿದದ್ದು ಇಂದಿಗೂ ಹಾಗೆಯೇ ಇದೆ. ನಾವು ಹೋದಾಗ ಕಂಬಗಳ ಮೇಲೆ ಬರಿಯ ಕಲ್ಲಿನ ಕಮಾನುಗಳು, ಅವುಗಳ ಮೇಲೆ ಆಕಾಶ, ನೆಲದಲ್ಲಿ ಹುಲ್ಲು, ಒಂದು ಕಮಾನಿನ ಸಂದಿಯಲ್ಲಿ ಪಾರಿವಾಳ. ಚರ್ಚಿನೊಳಗೆ ನಿಂತು ಬಿಸಿಲು ಕಾಯಿಸಿಕೊಳ್ಳಬಹುದೆಂದು ನಾನು ಎಣಿಸಿರಲಿಲ್ಲ. ಕೆಳಗಿನ ಬೈಷಾ ಪೂರ್ತಿ ಆ ಭೂಕಂಪದ ನಂತರ ರಾಜನ ಮಂತ್ರಿ ಪೊಂಬಾಲನ ಆಡಳಿತದಲ್ಲಿ ಚದುರಂಗದ ಮಣೆಯಂತೆ ನೇರ ಬೀದಿಗಳಾಗಿ ಎದ್ದದ್ದು. ಮತ್ತೆ ನಡುಗಿದರೂ ತಡೆಯಲೆಂದು ಗೋಡೆಗಳೊಳಗೆ ಮರದ ಚೌಕಟ್ಟಿನ ಪಂಜರ ಕಟ್ಟಿದ್ದಾರೆ. ಬೀದಿಗಳಿಗೆ ಕಸುಬಿನ ಹೆಸರು: ಚಿನ್ನದ್ದು, ಬೆಳ್ಳಿಯದು, ಚಮ್ಮಾರರದು, ಬಟ್ಟೆ ವ್ಯಾಪಾರಿಗಳದು. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ ಓಡಾಡಿದ ಚಿಕ್ಕಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ದಿನ 15ನೇ ನಂಬರಿನ ಟ್ರಾಮಿನಲ್ಲಿ ಬೆಲೇಂಗೆ ಹೋಗಿ. ಆ ಕಡೆ ನದಿದಂಡೆ ಸಮತಟ್ಟಾಗಿದೆ, ಎಷ್ಟು ಬೇಕಾದರೂ ನಡೆಯಬಹುದು. ಜೆರೋನಿಮುಸ್ ಮಠದ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿ ಇದೆ. 1498ರಲ್ಲಿ ಅವನು ಕಲ್ಲಿಕೋಟೆಗೆ ಬಂದನೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು, ಅಲ್ಲಿ ನಿಂತಾಗ ಭಕ್ತಿಯಂತೂ ಹುಟ್ಟಲಿಲ್ಲ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಹಿಡಿಯಲು ನಮ್ಮ ಹೊನ್ನಾವರದ ತಿಮ್ಮಯ್ಯನೇ ಜೊತೆ ಕೊಟ್ಟದ್ದು ನೆನಪಾಗಿ ಗೆಳತಿಗೆ ಹೇಳಿದೆ. ‘ಹಾಗಾದರೆ ನನ್ನ ಚಕ್ರಕ್ಕೂ ನಿಮ್ಮ ಊರೇ ಹೊಣೆ’ ಎಂದಳು. ಅಲ್ಲಿನ ಪ್ರಸಿದ್ಧ ಕಸ್ಟರ್ಡ್ ತಿಂಡಿಯ ಹೂರಣದಲ್ಲಿ ಮೊಟ್ಟೆಯ ಹಳದಿ ಇರುತ್ತದೆ ಚಿಕ್ಕಮ್ಮ, ನೀವು ಕೇಳದೆಯೇ ತಿಂದುಬಿಟ್ಟೀರಿ ಎಂದು ಮೊದಲೇ ಹೇಳುತ್ತಿದ್ದೇನೆ. ಚಿಕ್ಕಪ್ಪನಿಗೆ ಒಂದೇ ಒಂದು, ಸಕ್ಕರೆ ಕಾಯಿಲೆ ನೆನಪಿರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಚಪ್ಪಲಿ. ಕಾಲುದಾರಿಗೆಲ್ಲ ಅಂಗೈಯೊಳಗೆ ಹಿಡಿಸುವಷ್ಟು ಸಣ್ಣ ಬಿಳಿ ಸುಣ್ಣಕಲ್ಲುಗಳನ್ನೂ ನಡುನಡುವೆ ಕಪ್ಪು ಕಲ್ಲುಗಳನ್ನೂ ಕೈಯಿಂದಲೇ ಜೋಡಿಸಿದ್ದಾರೆ. ರೊಸ್ಸಿಯು ಚೌಕದಲ್ಲಿ ಅದು ಅಲೆಅಲೆಯಾಗಿ ಎಷ್ಟು ಚೆನ್ನಾಗಿದೆ ಎಂದರೆ, ಸಮನೆಲದ ಮೇಲೂ ಓಲಾಡಿದಂತಾಗುತ್ತದೆ. ಆದರೆ ಜನ ನಡೆದು ನಡೆದು ಆ ಕಲ್ಲು ಸವೆದು ನುಣುಪಾಗಿದೆ. ನಾಲ್ಕು ಹನಿ ಮಳೆ ಬಿದ್ದರೆ ನಮ್ಮ ಮಳೆಗಾಲದ ಪಾಚಿಗಟ್ಟಿದ ಅಂಗಳದಂತೆ ಜಾರುತ್ತದೆ. ನಾನು ಒಮ್ಮೆ ಕುಳಿತೇಬಿಟ್ಟೆ. ಚಿಕ್ಕಪ್ಪ ಕೊಂಡಿರುವ ಹೊಸ ಬೂಟಿನ ಅಡಿಭಾಗದ ಫೋಟೋ ಇವತ್ತು ರಾತ್ರಿಯೇ ಗುಂಪಿಗೆ ಹಾಕಿ, ಅದು ನುಣ್ಣಗಿದ್ದರೆ ನಾಳೆಯೇ ಅಂಗಡಿಯಲ್ಲಿ ಬದಲಿಸಿಕೊಳ್ಳಲು ಅವರಿಗೆ ಹೇಳುತ್ತೇನೆ.