ಬೆದೆಗೆ ಬಂದ ಮಾತ್ರಕ್ಕೆ ಹೆಣ್ಣು ಕುದುರೆಗೆ ಗಂಡು ಕೂಡಿಸಬಹುದೇ?

ಪ್ರಶ್ನೆ (ಸಾಸವಡ, ಪುಣೆ ಜಿಲ್ಲೆ): ಡಾಕ್ಟರೇ, ಕಳೆದ ಡಿಸೆಂಬರಿನಲ್ಲಿ ಜಾತ್ರೆಯೊಂದರಲ್ಲಿ ಮಾರವಾಡಿ ತಳಿಯ ಹೆಣ್ಣು ಕುದುರೆಯೊಂದನ್ನು ಕೊಂಡೆವು. ಮಾರಿದವರು ಅದಕ್ಕೆ ನಾಲ್ಕು ವರ್ಷವೆಂದಿದ್ದರು. ಈ ಮಳೆಗಾಲದಲ್ಲಿ ಅದು ಬೆದೆಗೆ ಬರುತ್ತಿದ್ದು, ನೆರೆಯ ತೋಟದವರು ತಮ್ಮ ಗಂಡು ಕುದುರೆಯನ್ನು ಕೂಡಿಸಲು ಒಪ್ಪಿದ್ದಾರೆ. ಈಗ ಕೂಡಿಸಿದರೂ ಈಯುವುದು ಹನ್ನೊಂದು ತಿಂಗಳ ಮೇಲೆ, ಅಷ್ಟರಲ್ಲಿ ಅದು ಪೂರ್ತಿ ಬೆಳೆದಿರುತ್ತದೆ ಎಂಬುದು ಅವರ ಮಾತು. ಬಾಯಿಯ ಚಿತ್ರವನ್ನು ಜೊತೆಗಿಟ್ಟಿದ್ದೇನೆ. ತಮ್ಮ ಸಲಹೆ ಬೇಕು.

ಉತ್ತರ: ಚಿತ್ರ ಕಳಿಸಿದ್ದು ಒಳ್ಳೆಯದಾಯಿತು, ಏಕೆಂದರೆ ಮಾರುವವರ ಮಾತಿಗಿಂತ ಹಲ್ಲಿನ ಮಾತು ನಂಬತಕ್ಕದ್ದು. ಮುಂದಿನ ಬಾಚಿ ಹಲ್ಲುಗಳಲ್ಲಿ ನಡುವಿನ ಜೋಡಿ ಎರಡೂವರೆ ವರ್ಷಕ್ಕೂ, ಅದರ ಪಕ್ಕದ ಜೋಡಿ ಮೂರೂವರೆಗೂ, ಅಂಚಿನ ಜೋಡಿ ನಾಲ್ಕೂವರೆಗೂ ಬದಲಾಗುತ್ತವೆ. ನಿಮ್ಮ ಕುದುರೆಯಲ್ಲಿ ನಡುವಿನ ಜೋಡಿ ಮಾತ್ರ ಹೊಸದು, ಅದೂ ಇನ್ನೂ ಸವೆಯುವ ಮಟ್ಟಕ್ಕೆ ಬೆಳೆದಿಲ್ಲ, ಉಳಿದವು ಹಾಲುಹಲ್ಲುಗಳೇ. ಆದ್ದರಿಂದ ಅದಕ್ಕೆ ಇನ್ನೂ ಮೂರು ತುಂಬಿರಲಿಕ್ಕಿಲ್ಲ.

ಬೆದೆಗೆ ಬರುವುದನ್ನು ಪ್ರಾಯದ ಸಾಕ್ಷಿಯೆಂದು ಹಿಡಿಯಬೇಡಿ. ಒಂದರಿಂದ ಒಂದೂವರೆ ವರ್ಷದ ಮರಿಗಳೂ ಬೆದೆಗೆ ಬರುತ್ತವೆ, ಗಬ್ಬವನ್ನೂ ಕಟ್ಟಬಲ್ಲವು. ನಿಮ್ಮ ನೆರೆಯವರ ಲೆಕ್ಕ ಕೇಳಲು ಸರಿಯೆನಿಸಿದರೂ ಅದರಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಹೊಟ್ಟೆಯ ಮರಿ ಹೆಚ್ಚಿನ ತೂಕ ಪಡೆಯುವುದು ಕೊನೆಯ ಮೂರು ತಿಂಗಳಲ್ಲಿ; ಈದ ಮೇಲೆ ತಾಯಿ ದಿನಕ್ಕೆ ತನ್ನ ತೂಕದ ಶೇ. 3ರ ಆಸುಪಾಸಿನಷ್ಟು ಹಾಲನ್ನು ತಿಂಗಳುಗಟ್ಟಲೆ ಕೊಡಬೇಕು. ಈಗಲೇ ಕೂಡಿಸಿದರೆ ಈ ಎರಡೂ ಹೊರೆಗಳು, ಎರಡನೆಯ ಮತ್ತು ಮೂರನೆಯ ಜೋಡಿ ಹಲ್ಲುಗಳು ಬದಲಾಗುವ, ದವಡೆಯ ಹಲ್ಲುಗಳೂ ಹುಟ್ಟುವ, ಮೇವನ್ನು ಸರಿಯಾಗಿ ಅಗಿಯಲೂ ಕಷ್ಟಪಡುವ ಕಾಲದಲ್ಲೇ ಅದರ ಮೇಲೆ ಬೀಳುತ್ತವೆ. ಎತ್ತರದ ಬಹುಪಾಲು ಎರಡು ವರ್ಷಕ್ಕೇ ಬಂದುಬಿಡುವುದರಿಂದ ಕುದುರೆ ದೊಡ್ಡದಾಗಿ ಕಾಣುತ್ತದೆ. ಬೆನ್ನುಮೂಳೆಯ ಬೆಳವಣಿಗೆ ಮಾತ್ರ ಐದಾರು ವರ್ಷದವರೆಗೂ ನಡೆಯುತ್ತದೆ. ಬೆನ್ನಿನ ಮಣಿಗಳೆಲ್ಲ ಪೂರ್ತಿ ಬೆಳೆಯುವವರೆಗೆ ಕಾಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಮೂರು ವರ್ಷ ತುಂಬದ ಕುದುರೆಗೆ ಗಂಡು ಕೂಡಿಸುವುದನ್ನು ನಾನು ಒಪ್ಪುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಕುತ್ತಿಗೆಯ ಕೂದಲು ಮುಗಿಯುವಲ್ಲಿನ ಹೆಗಲ ದಿಬ್ಬದವರೆಗೆ ಎತ್ತರವನ್ನು ಈಗೊಮ್ಮೆ, ಫೆಬ್ರವರಿಯಲ್ಲಿ ಇನ್ನೊಮ್ಮೆ ಅಳೆಯಿರಿ. ಎತ್ತರ ಹೆಚ್ಚುವುದು ನಿಂತಿದ್ದು, ಪಕ್ಕೆಲುಬುಗಳು ಕಣ್ಣಿಗೆ ಕಾಣದೆ ಕೈಗೆ ಮಾತ್ರ ಸಿಗುವಷ್ಟು ಮೈ ತುಂಬಿದ್ದರೆ ಯೋಚಿಸಬಹುದು. ಇನ್ನೂ ಬೆಳೆಯುತ್ತಿದ್ದರೆ ಅದರ ಮುಂದಿನ ವರ್ಷಕ್ಕೆ ಬಿಡಿ. ಫೆಬ್ರವರಿಯನ್ನು ಹೆಸರಿಸಲು ಇನ್ನೊಂದು ಕಾರಣವೂ ಇದೆ. ಹಗಲು ಹೆಚ್ಚುತ್ತಾ ಹೋದಂತೆ ಬೆದೆ ಸುಮಾರು 21 ದಿನಗಳ ಕ್ರಮಕ್ಕೆ ಬರುತ್ತದೆ, ಮತ್ತು ಆಗ ಕೂಡಿಸಿದರೆ ಈಯುವುದು ಜನವರಿಯ ಒಣ ಹವೆಯಲ್ಲಿ. ಈಗ ಕೂಡಿಸಿದರೆ ಮರಿ ಹುಟ್ಟುವುದು ಮುಂದಿನ ಮಳೆಗಾಲದ ಕೆಸರಿನಲ್ಲಿ.

ಪ್ರಶ್ನೆ (ಠಾಣೆ): ತಡಮಾಡಿದರೆ ಗಬ್ಬ ನಿಲ್ಲುವುದು ಕಷ್ಟವಾಗುತ್ತದೆ ಎಂದು ನಮ್ಮ ಲಾಯದವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಒಂದೆರಡು ವರ್ಷದ ತಡದಿಂದ ಏನೂ ಆಗದು. ಆದರೆ ಹತ್ತು ಹನ್ನೆರಡು ವರ್ಷದವರೆಗೆ ಒಮ್ಮೆಯೂ ಈಯದ ಕುದುರೆಗಳಲ್ಲಿ ಗರ್ಭಕೊರಳು ಬೆದೆಯಲ್ಲೂ ಸರಿಯಾಗಿ ಸಡಿಲವಾಗದೆ, ಗರ್ಭಕೋಶದಲ್ಲಿ ದ್ರವ ನಿಂತು ತೊಂದರೆಯಾಗುವುದುಂಟು. ನಿಮ್ಮ ಲಾಯದವರು ಅಂಥ ಕುದುರೆಗಳನ್ನು ಕಂಡಿರಬಹುದು. ಅದನ್ನು ಮೂರು ವರ್ಷದ ಕುದುರೆಗೆ ಅನ್ವಯಿಸುವುದು ತರವಲ್ಲ.

ಪ್ರಶ್ನೆ (ಸಾಸವಡ): ಹಾಗಾದರೆ ಕಾಯುತ್ತೇವೆ. ಅಲ್ಲಿಯವರೆಗೆ ಮೇವು ಹೇಗಿರಬೇಕು? ಗಂಡು ಕುದುರೆಗೆ ಪರೀಕ್ಷೆ ಬೇಕಿಲ್ಲವೆಂದು ಅದರ ಮಾಲೀಕರು ಹೇಳುತ್ತಿದ್ದಾರೆ.

ಉತ್ತರ: ಪರೀಕ್ಷೆ ಬೇಡವೆನ್ನುವವರ ಕುದುರೆಯೇ ನಿಮಗೆ ಬೇಡ. ಕುದುರೆಗಳಿಗೆ ಬ್ಯಾಕ್ಟೀರಿಯಾದಿಂದ ಬರುವ ಗ್ಲಾಂಡರ್ಸ್ ರೋಗ ಮನುಷ್ಯರಿಗೂ ಹರಡುತ್ತದೆ. ಅದು ಖಚಿತಪಟ್ಟ ಕುದುರೆಗೆ ಚಿಕಿತ್ಸೆ ಕೊಡುವುದಿಲ್ಲ, ದಯಾಮರಣವೇ ನಿಯಮ. ಎರಡೂ ಕುದುರೆಗಳ ರಕ್ತವನ್ನು ಸರಕಾರಿ ಪಶುವೈದ್ಯರ ಮೂಲಕ ಪರೀಕ್ಷೆಗೆ ಕಳುಹಿಸಿ. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಕುದುರೆಯ ಸಾಂಕ್ರಾಮಿಕ ರಕ್ತಹೀನತೆಯ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ.

ಮೇವಿನ ವಿಷಯದಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಗೋಧಿ ಬೂಸಾದ ಅತಿಬಳಕೆ. ಅದರಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಬಹಳ ಕಡಿಮೆ. ಬೆಳೆಯುವ ಮೂಳೆಗೆ ಇದು ಕೆಡುಕು. ಒಳ್ಳೆಯ ಒಣಹುಲ್ಲಿನ ಜೊತೆಗೆ ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಹಿತಮಿತವಾಗಿ ಕೊಟ್ಟರೆ ಸುಣ್ಣದ ಕೊರತೆ ನೀಗುತ್ತದೆ. ಬೊಜ್ಜು ಬರಿಸಬೇಡಿ.

ಮುಂದೆ ಗಂಡು ಕೂಡಿಸಿದ ಮೇಲೆ 14ರಿಂದ 16ನೆಯ ದಿನದೊಳಗೆ ಸ್ಕ್ಯಾನ್ ಮಾಡಿಸುವುದನ್ನು ತಪ್ಪಿಸಬೇಡಿ. ಕುದುರೆಗೆ ಅವಳಿ ನಿಂತರೆ ಸಾಮಾನ್ಯವಾಗಿ ಗಬ್ಬ ಈಯುವ ಕಾಲಕ್ಕೆ ಮೊದಲೇ ಕಳಚುತ್ತದೆ, ತಾಯಿಗೂ ಅಪಾಯ. ಆ ಹಂತದಲ್ಲಿ ಕಂಡರೆ ಒಂದನ್ನು ತೆಗೆದು ಇನ್ನೊಂದನ್ನು ಉಳಿಸಲು ಸಾಧ್ಯವಿದೆ.