ಚೈನು, ಸರಪಳಿ, ಸಂಕೋಲೆ: ಬೋರ್ಡಿಗೆ ಯಾವುದು? (ತುರ್ತು)

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ಒಂದು ಕಾರ್ಖಾನೆಯ ಬೋರ್ಡುಗಳನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ಸಂಜೆಯೊಳಗೆ ಪೇಂಟರ್ ಕೈಗೆ ಕೊಡಬೇಕು. ಮೂರು ಕಡೆ ಚೈನ್ ಬರುತ್ತದೆ: ಭಾರ ಎತ್ತುವ ಚೈನ್ ಪುಲ್ಲಿ, ಓಡುವ ಯಂತ್ರದ ಚೈನು, ಆಮೇಲೆ ಸಪ್ಲೈ ಚೈನ್ ವಿಭಾಗದ ಬಾಗಿಲ ಮೇಲಿನ ಹೆಸರು. ಮೂರಕ್ಕೂ ‘ಸರಪಳಿ’ ಅಂದರೆ ಆಗುತ್ತಾ? ಇಲ್ಲಿನ ಮ್ಯಾನೇಜರಿಗೆ ‘ಸಂಕೋಲೆ’ ಇಷ್ಟ. ಗಂಭೀರವಾಗಿದೆಯಂತೆ.

ಹಳೇ ಮೇಷ್ಟ್ರು:
ಸಂಕೋಲೆ ಬೇಡವೇ ಬೇಡ. ಅದನ್ನು ತೊಡಿಸುವುದು ಕೈದಿಗೆ, ಯಂತ್ರಕ್ಕಲ್ಲ.

ನಾನು ಯಾವಾಗಲೂ ಹೇಳುವುದು ಒಂದೇ: ನಾಮಪದ ಹಿಡಿದು ಜಗ್ಗಾಡಬೇಡಿ, ಜೊತೆಗಿರುವ ಕ್ರಿಯಾಪದ ನೋಡಿ. ಸೈಕಲ್ ಚೈನು ಬೀಳುತ್ತದೆ, ಲೂಸಾಗುತ್ತದೆ. ಯಾದಗಿರಿ ಹತ್ತಿರದ ಮೈಲಾಪುರದಲ್ಲಿ, ಮಲ್ಲಯ್ಯನ ಜಾತ್ರೆಗೆ, ಸಂಕ್ರಾಂತಿ ದಿನ ಕಬ್ಬಿಣದ ಸರಪಳಿ ಹರಿಯುತ್ತಾರೆ. ಅದನ್ನು ‘ಚೈನ್ ಕಟ್ ಮಾಡಿದರು’ ಅಂದುಬಿಟ್ಟರೆ ದೇವರೂ ಮುನಿಸಿಕೊಂಡಾನು. ಕತ್ತಿನಿಂದ ಕಿತ್ತುಕೊಂಡು ಓಡುವುದು ಸರ. ಅದಕ್ಕೇ ಪೇಪರಿನಲ್ಲಿ ಸರಗಳ್ಳ ಇದ್ದಾನೆ, ಸರಪಳಿಗಳ್ಳ ಇಲ್ಲ. ಗಾಡಿಗಳು ಒಂದರ ಹಿಂದೆ ಒಂದು ಗುದ್ದಿದರೆ ಸರಣಿ ಅಪಘಾತ. 2024ರ ಸೆಪ್ಟೆಂಬರ್ 15ರಂದು ಬೀದರಿನಿಂದ ಚಾಮರಾಜನಗರದವರೆಗೆ ಜನ ಕೈ ಹಿಡಿದು ನಿಂತರಲ್ಲ, ಅದು ಮಾನವ ಸರಪಳಿ. ಅದಕ್ಕೆ ಸಂಕೋಲೆ ಅಂದಿದ್ದರೆ ಯಾರೂ ಬರುತ್ತಿರಲಿಲ್ಲ.

ಇನ್ನು ಪುಲ್ಲಿ. ಅದರಲ್ಲಿ ಎರಡು ಇರುತ್ತವೆ. ಕೈಯಿಂದ ಎಳೆಯುವುದು ಒಂದು, ಕೊಕ್ಕೆಗೆ ಸಿಕ್ಕಿಸಿದ ಭಾರ ಹೊರುವುದು ಇನ್ನೊಂದು. ಒಂದು ಗೇಣು ಭಾರ ಏರಬೇಕಾದರೆ ಕೈಯಿನದನ್ನು ಮಾರುಗಟ್ಟಲೆ ಎಳೆಯಬೇಕು. ಎಳೆಯುವವರ ಬಾಯಲ್ಲಿ ಎರಡೂ ಚೈನೇ. ‘ಭಾರ ಎತ್ತುವಾಗ ಚೈನ್ ಪುಲ್ಲಿಯ ಕೆಳಗೆ ನಿಲ್ಲಬೇಡಿ’ ಎಂದು ಬರೆಯಿರಿ.

ತಿಳಿಗನ್ನಡಿಗ:
ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಬರೆಯುವುದಾದರೆ ಅನುವಾದಕರು ಯಾಕೆ, ಪೇಂಟರ್ ಒಬ್ಬನೇ ಸಾಕಲ್ಲ. ಸಂಕೋಲೆ ಬೇಡ, ಸರಿ. ಆದರೆ ಮೇಷ್ಟ್ರು ಹೇಳಿದ ಕಾರಣಕ್ಕಲ್ಲ. ಸಂಸ್ಕೃತದ ಶೃಂಖಲೆಯೇ ಸಂಕಲೆಯಾಗಿ, ಸಂಕೋಲೆಯಾಗಿ ನಮ್ಮಲ್ಲಿ ಕೂತಿದೆ. ‘ಕೊಂಡಿಸಾಲು’ ಅನ್ನಿ. ಸಪ್ಲೈ ಚೈನಿಗೆ ‘ಒದಗಿಕೆಸಾಲು’. ಮುಗಿಯಿತು.

ಹಳೇ ಮೇಷ್ಟ್ರು:
ಕೊಂಡಿಸಾಲಂತೆ! ಯಾವ ಊರಲ್ಲಿ ಅಂತಾರೆ ಸ್ವಾಮಿ?

ಮೋಜಣಿದಾರ:
ಜಮೀನು ಅಳೆದವನ ಮಾತೂ ಸ್ವಲ್ಪ ಕೇಳಿ. ನಮ್ಮ ಚೈನು 33 ಅಡಿ. ಅದರಲ್ಲಿ 16 ಆಣೆ, ಅಂದರೆ 16 ಸಮಭಾಗ. ಉದ್ದ ಒಂದು ಚೈನು, ಅಗಲ ಒಂದು ಚೈನು ಅಂದರೆ 1,089 ಚದರಡಿ, ಅಂದರೆ ಒಂದು ಗುಂಟೆ. ಅಂಥವು 40 ಸೇರಿದರೆ ಎಕರೆ. ಇಂಗ್ಲೆಂಡಿನ ಗಂಟರ್ ಚೈನು 66 ಅಡಿ, ಕ್ರಿಕೆಟ್ ಪಿಚ್ಚಿನ 22 ಗಜ ಅಂದರೂ ಅದೇ. ನಮ್ಮದು ಅದರ ಅರ್ಧ. ಬದುವಿನ ಜಗಳ ಬಂದಾಗ ರೈತ ಕೇಳುವುದು ‘ಚೈನು ಹಿಡೀರಿ ಸಾರ್’ ಅಂತ. ಅವನ ಮುಂದೆ ಕೊಂಡಿಸಾಲು ಹಿಡಿಯಿರಿ ನೋಡೋಣ. ಹೊಲಕ್ಕೆ ಇಳಿದ ಪದ ಹೊಲದ್ದೇ. ಎಲ್ಲಿಂದ ಬಂತು ಅಂತ ಕೇಳೋದು ಸುಮ್ನೆ ಹೊತ್ತು ಕಳೆಯೋ ಕೆಲಸ.

ತಿಳಿಗನ್ನಡಿಗ:
ಹಾಗಂತ ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡೇ ಈ ಗತಿ. ಸರಪಳಿ ಇದ್ದೂ ಚೈನು ಅನ್ನುವುದು ಸೋಮಾರಿತನ. ಸೈಕಲ್ಲಿಗೆ ಚೈನು, ಕತ್ತಿಗೆ ಚೈನು, ಬ್ಯಾಗಿಗೆ ಚೈನು, ಪ್ಯಾಂಟಿಗೂ ಚೈನು. ಕಾರ್ಖಾನೆಯಲ್ಲಿ ‘ಚೈನಿಗೆ ಕೈ ಹಾಕಬೇಡಿ’ ಅಂತ ಬೋರ್ಡ್ ಹಾಕಿ ನೋಡಿ.

ಹಳೇ ಮೇಷ್ಟ್ರು:
ನೀವು ಹೇಳಿದ್ದರಲ್ಲಿ ಇದೊಂದು ಒಪ್ಪುವ ಮಾತು. ‘ಓಡುವ ಚೈನಿಗೆ ಕೈ ಹಾಕಬೇಡಿ’ ಅಂದರಾಯಿತು, ಪ್ಯಾಂಟಿನದು ಓಡುವುದಿಲ್ಲ.

ತಂಗೀ, ಮೂರನೆಯದಕ್ಕೆ ‘ಪೂರೈಕೆ ಸರಪಳಿ’ ಅಂತ ಪತ್ರಿಕೆಗಳಲ್ಲಿ ಬರುತ್ತದೆ. ಲೇಖನದಲ್ಲಿ ಪರವಾಗಿಲ್ಲ. ಬಾಗಿಲ ಮೇಲೆ ಹಾಕಿದರೆ ಒಳಗೆ ಸರಪಳಿ ಮಾರುತ್ತಾರೆ ಅಂದುಕೊಳ್ಳುತ್ತಾರೆ. ಚೈನನ್ನೇ ಬಿಟ್ಟುಬಿಡಿ. ಲಾರಿ ಡ್ರೈವರ್ ಬಿಲ್ ಹಿಡಿದುಕೊಂಡು ಬರುವುದು ಅಲ್ಲಿಗೇ ಅಲ್ವಾ? ‘ಸರಬರಾಜು ವಿಭಾಗ’ ಸಾಕು.

ಅನುವಾದಕಿ:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ. ಮೂರೂ ಪೇಂಟರಿಗೆ ಹೋಯಿತು. ಮ್ಯಾನೇಜರಿಗೆ ಇನ್ನೂ ಸಂಕೋಲೆ ಮೇಲೆ ಸ್ವಲ್ಪ ಆಸೆ ಇದೆ.

ತಿಳಿಗನ್ನಡಿಗ:
ಸರಬರಾಜು ಪಾರಸಿ.